‘ದ ಪವರ್ಸ್ ದಟ್ ಬಿ’: ಮನವಿ ಪತ್ರದಲ್ಲಿ ಬಳಸಬಹುದಾದ ಮಾತೇ?

ಪ್ರಶ್ನೆ (ಉಡುಪಿಯಿಂದ)

ನಮ್ಮ ಬಡಾವಣೆಯ ಮಳೆನೀರಿನ ತೋಡಿನಲ್ಲಿ ಹೂಳು ತುಂಬಿ, ಆಟಿಯ ಮಳೆಗೆ ನೀರು ಮನೆಗಳ ಅಂಗಳಕ್ಕೇ ಬರುತ್ತಿರುವುದರಿಂದ ನಿವಾಸಿಗಳೆಲ್ಲ ಸೇರಿ ಒಂದು ಮನವಿಯನ್ನು ಸಿದ್ಧಪಡಿಸುತ್ತಿದ್ದೇವೆ. ಕಚೇರಿಗೆ ಕೊಡುವ ಕನ್ನಡದ ಮನವಿಯ ಜೊತೆಗೆ ಇಂಗ್ಲಿಷ್ ಪತ್ರಿಕೆಯೊಂದರ ವಾಚಕರ ವಿಭಾಗಕ್ಕೂ ಪತ್ರ ಬರೆಯಬೇಕೆಂದಿದ್ದೇವೆ. ಇಂಗ್ಲಿಷ್ ಕರಡನ್ನು ಬರೆದ ಹಿರಿಯರು, ಈ ವಿಷಯವನ್ನು ‘ದ ಪವರ್ಸ್ ದಟ್ ಬಿ’ ಗಮನಿಸಬೇಕು ಎಂದು ಮುಗಿಸಿದ್ದಾರೆ. ಅಧಿಕಾರದಲ್ಲಿರುವವರು ಎಂಬ ಅರ್ಥ ಸಂದರ್ಭದಿಂದಲೇ ತಿಳಿಯುತ್ತದೆ. ಆದರೆ ಶಾಲೆಯಲ್ಲಿ ಕಲಿತ ವ್ಯಾಕರಣದ ಪ್ರಕಾರ ‘ಆರ್’ ಇರಬೇಕಾದಲ್ಲಿ ‘ಬಿ’ ಹೇಗೆ ಬಂತು? ಈ ಮಾತಿನಲ್ಲಿರುವುದು ಗೌರವವೋ ಕುಹಕವೋ? ಕನ್ನಡದ ಪ್ರತಿಯಲ್ಲಿ ಇದಕ್ಕೆ ಸಮನಾಗಿ ಏನನ್ನು ಬರೆಯಬೇಕು? ಪತ್ರವನ್ನು ಓದಿದ ಅಧಿಕಾರಿಗೆ ಅಗೌರವ ಎನಿಸಬಾರದೆಂಬುದು ನನ್ನ ಮುಖ್ಯ ಕಾಳಜಿ.

ಉತ್ತರ 1 (ಮಂಗಳೂರಿನಿಂದ)

ವ್ಯಾಕರಣದ ಸಂದೇಹಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದ ಅರ್ಥವೆಲ್ಲ ಅದರಲ್ಲೇ ಅಡಗಿದೆ. ಹದಿನಾರನೆಯ ಶತಮಾನದ ಇಂಗ್ಲಿಷಿನಲ್ಲಿ ಬಹುವಚನಕ್ಕೆ ‘ಆರ್’ ಮತ್ತು ‘ಬಿ’ ಎರಡೂ ಬಳಕೆಯಲ್ಲಿದ್ದವು. ವಿಲಿಯಂ ಟಿಂಡೇಲ್ 1526ರಲ್ಲಿ ಹೊಸ ಒಡಂಬಡಿಕೆಯನ್ನು ಗ್ರೀಕ್ ಮೂಲದಿಂದ ಇಂಗ್ಲಿಷಿಗೆ ತಂದಾಗ, ರೋಮಾಪುರದವರಿಗೆ ಪೌಲನು ಬರೆದ ಪತ್ರದ ಹದಿಮೂರನೆಯ ಅಧ್ಯಾಯದಲ್ಲಿ ‘ದ ಪವರ್ಸ್ ದಟ್ ಬಿ ಆರ್ ಆರ್ಡೇನ್ಡ್ ಆಫ್ ಗಾಡ್’ ಎಂದು ಬರೆದನು. ಒಂದೇ ವಾಕ್ಯದಲ್ಲಿ ಎರಡು ರೂಪಗಳೂ ಪಕ್ಕಪಕ್ಕದಲ್ಲೇ ಇರುವುದನ್ನು ಗಮನಿಸಿ. ಇಲ್ಲಿ ‘ಬಿ’ ಎಂದರೆ ಇರುವುದು, ಅಸ್ತಿತ್ವದಲ್ಲಿರುವುದು. ಸದ್ಯ ಯಾವ ಅಧಿಕಾರಗಳು ಇವೆಯೋ ಅವು ದೇವರಿಂದ ನೇಮಿಸಲ್ಪಟ್ಟವು ಎಂಬುದು ಆ ವಾಕ್ಯದ ತಾತ್ಪರ್ಯ. 1611ರ ರಾಜಾ ಜೇಮ್ಸನ ಬೈಬಲು ಈ ಮಾತನ್ನು ಹಾಗೆಯೇ ಉಳಿಸಿಕೊಂಡಿತು. ಆಡುಮಾತಿನಿಂದ ‘ಬಿ’ಯ ಆ ಬಳಕೆ ಮರೆಯಾದರೂ ಬೈಬಲಿನ ಪರಿಚಯದಿಂದಾಗಿ ಈ ನುಡಿಗಟ್ಟು ಮಾತ್ರ ಬದಲಾಗದೆ ನಿಂತಿತು.

ಟಿಂಡೇಲನ ಬದುಕನ್ನೂ ಇಲ್ಲಿ ನೆನೆಯಬೇಕು. ಇಂಗ್ಲೆಂಡಿನಲ್ಲಿ ಅನುವಾದಕ್ಕೆ ಅನುಮತಿ ದೊರೆಯದ ಕಾರಣ ಅವನು ದೇಶ ಬಿಟ್ಟು ಜರ್ಮನಿಯ ವರ್ಮ್ಸ್‌ನಲ್ಲಿ ಅದನ್ನು ಅಚ್ಚು ಹಾಕಿಸಿದನು. ಪ್ರತಿಗಳು ಕಳ್ಳಸಾಗಣೆಯಲ್ಲಿ ತಾಯ್ನಾಡಿಗೆ ಹೋದವು. 1535ರಲ್ಲಿ ಆಂಟ್‌ವರ್ಪಿನಲ್ಲಿ ಸೆರೆಸಿಕ್ಕಿದ ಅವನನ್ನು ಮರುವರ್ಷ ಕತ್ತು ಹಿಸುಕಿ ಕೊಂದು, ದೇಹವನ್ನು ಸುಟ್ಟರು. ಅಧಿಕಾರಗಳು ದೈವನಿಯಮಿತ ಎಂಬ ವಾಕ್ಯವನ್ನು ಇಂಗ್ಲಿಷಿಗೆ ಕೊಟ್ಟವನನ್ನು ಅಂದಿನ ಅಧಿಕಾರಗಳೇ ಉಳಿಯಗೊಡಲಿಲ್ಲ ಎಂಬುದು ನನ್ನನ್ನು ಬಹಳವಾಗಿ ಕಾಡುವ ಸಂಗತಿ.

ಬಳಕೆಯ ವಿಷಯದಲ್ಲಿ ಒಂದೆರಡು ಮಾತು. ಇದು ಯಾವಾಗಲೂ ‘ದ’ ಸಹಿತವಾಗಿ, ಬಹುವಚನದಲ್ಲೇ ಬರುತ್ತದೆ. ಆದ್ದರಿಂದ ಕ್ರಿಯಾಪದವೂ ‘ಹ್ಯಾಸ್’ ಆಗದೆ ‘ಹ್ಯಾವ್’ ಆಗಬೇಕು. ‘ಪವರ್ಸ್ ಟು ಬಿ’ ಎಂದು ಬರೆಯುವುದು ತಪ್ಪು.

ಉತ್ತರ 2 (ಕಾರ್ಕಳದಿಂದ)

ಮೇಲಿನ ಉತ್ತರ ಮೂಲವನ್ನು ಸ್ಪಷ್ಟಪಡಿಸಿದೆ. ಗೌರವವೋ ಕುಹಕವೋ ಎಂಬ ಪ್ರಶ್ನೆಗೆ ನನ್ನ ಅಭಿಪ್ರಾಯ ಹೀಗಿದೆ. ಬೈಬಲಿನಲ್ಲಿ ಗಂಭೀರವಾಗಿದ್ದ ಈ ಮಾತು ಇಂದಿನ ಇಂಗ್ಲಿಷಿನಲ್ಲಿ ಬೈಗುಳವಾಗಿಲ್ಲ. ಆದರೆ ಅದರಲ್ಲಿ ಸಣ್ಣದೊಂದು ಬೇಸರ, ನಮ್ಮ ಕೈಯಲ್ಲಿ ಏನೂ ಇಲ್ಲವೆಂಬ ಭಾವ ಸೇರಿಕೊಂಡಿದೆ. ನಿರ್ಧಾರ ತೆಗೆದುಕೊಂಡವರು ಯಾರೆಂದು ಹೇಳುವವನಿಗೆ ತಿಳಿದಿಲ್ಲ, ಅಥವಾ ತಿಳಿದಿದ್ದರೂ ಹೆಸರು ಹೇಳಲು ಅವನಿಗೆ ಮನಸ್ಸಿಲ್ಲ. ಕಾರ್ಖಾನೆಯ ನೌಕರನೊಬ್ಬ ಪಾಳಿ ಬದಲಾದುದನ್ನು ಗೆಳೆಯನಿಗೆ ತಿಳಿಸುವಾಗ ಈ ಮಾತು ಸಹಜವಾಗಿ ಒಪ್ಪುತ್ತದೆ.

ನಮ್ಮ ಕರಾವಳಿಯ ಹಳ್ಳಿಗಳಲ್ಲಿ ಬಹುಕಾಲ ಅಧಿಕಾರಕ್ಕೆ ಮುಖವೂ ಮನೆಯೂ ಇದ್ದವು: ಪಟೇಲರು, ಶಾನುಭೋಗರು, ಗುತ್ತಿನ ಯಜಮಾನರು. ವಂಶಪಾರಂಪರ್ಯವಾದ ಪಟೇಲಿಕೆ, ಶಾನುಭೋಗಿಕೆಗಳನ್ನು ರದ್ದುಗೊಳಿಸುವ ಕಾಯ್ದೆ ಬಂದದ್ದು 1961ರಲ್ಲಿ. ಆ ವ್ಯವಸ್ಥೆಯ ಅನ್ಯಾಯಗಳನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಅಲ್ಲಿ ಯಾರ ಅಂಗಳದಲ್ಲಿ ನಿಂತು ಕೇಳಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಉಡುಪಿಯ ಕೃಷ್ಣ ಮಠದಲ್ಲಿಯೂ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಪರ್ಯಾಯ ಬದಲಾಗುತ್ತದೆ, ಮತ್ತು ಈಗ ನಡೆಯುತ್ತಿರುವುದು ಯಾವ ಮಠದ ಪರ್ಯಾಯ ಎಂಬುದು ಊರಿಗೆಲ್ಲ ತಿಳಿದಿರುತ್ತದೆ. ಅಧಿಕಾರ ಯಾರದೆಂದು ಹೀಗೆ ಸ್ಪಷ್ಟವಾಗಿರುವಲ್ಲಿ ‘ದ ಪವರ್ಸ್ ದಟ್ ಬಿ’ ಎಂದರೆ ಅದು ಬೇಕೆಂದೇ ಹೆಸರನ್ನು ತಪ್ಪಿಸಿದಂತೆ ಕೇಳಿಸುತ್ತದೆ.

ನಿಮ್ಮ ಮನವಿಗೆ ಈ ಮಾತು ಸಲ್ಲದೆಂದು ನಾನು ಹೇಳುವುದೂ ಇದೇ ಕಾರಣಕ್ಕೆ. ಅಗೌರವದ ಭಯಕ್ಕಿಂತ ದೊಡ್ಡ ತೊಂದರೆಯೆಂದರೆ, ಯಾರನ್ನೂ ಹೆಸರಿಸದ ಮನವಿಗೆ ಯಾರೂ ಉತ್ತರಿಸಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೆಯ ಸೆಕ್ಷನ್ನಿನ ಪ್ರಕಾರ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ಅಧಿಕಾರಿಗಳು ಮತ್ತು ನೌಕರರ ಅಧಿಕಾರಗಳನ್ನೂ ಕರ್ತವ್ಯಗಳನ್ನೂ ತಾನಾಗಿಯೇ ಪ್ರಕಟಿಸಬೇಕು. ಅದನ್ನು ನೋಡಿ, ತೋಡಿನ ಹೂಳೆತ್ತುವುದು ಯಾವ ಹುದ್ದೆಯವರ ಹೊಣೆಯೋ ಆ ಹುದ್ದೆಯನ್ನು ಬರೆಯಿರಿ. ಕನ್ನಡದಲ್ಲಿಯೂ ‘ಸಂಬಂಧಪಟ್ಟವರು’ ಎಂಬ ಮಾತು ಇಂಥದೇ ಮರೆಯನ್ನು ಒದಗಿಸುತ್ತದೆ. ನಮ್ಮ ಪತ್ರಿಕೆಗಳ ವಾಚಕರ ವಾಣಿಯಲ್ಲಿ ‘ಸಂಬಂಧಪಟ್ಟವರು ಇತ್ತ ಗಮನ ಹರಿಸಲಿ’ ಎಂದು ಕೊನೆಗೊಳ್ಳುವ ಪತ್ರಗಳನ್ನು ನೀವು ಓದಿಯೇ ಇರುತ್ತೀರಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಮನವಿಯಲ್ಲಿ ಹುದ್ದೆಯ ಹೆಸರನ್ನೇ ಬರೆಯುವುದೆಂದು ನಿವಾಸಿಗಳು ಒಪ್ಪಿದ್ದಾರೆ. ಪತ್ರಿಕೆಗೆ ಬರೆಯುವ ಪತ್ರದಲ್ಲಾದರೂ ಆ ಮಾತು ಇರಲಿ ಎಂಬುದು ಕರಡು ಬರೆದ ಹಿರಿಯರ ಆಸೆ. ಅದರ ಬದಲು ‘ಬಿಗ್‌ವಿಗ್ಸ್’ ಎಂದರೆ ಚುರುಕಾಗಿರುತ್ತದೆ ಎಂದು ಇನ್ನೊಬ್ಬರು ಸೂಚಿಸಿದ್ದಾರೆ.

ಉತ್ತರ 3 (ಮಣಿಪಾಲದಿಂದ)

‘ಬಿಗ್‌ವಿಗ್’ ಖಂಡಿತ ಬೇಡ. ಅದು ಯುರೋಪಿನ ಗಣ್ಯರು ದೊಡ್ಡ ಕೃತಕ ಕೇಶವನ್ನು ಧರಿಸುತ್ತಿದ್ದ ಕಾಲದಿಂದ ಬಂದ ಪದ. ಕೂದಲ ಪುಡಿಯ ಮೇಲೆ ಬ್ರಿಟಿಷ್ ಸರ್ಕಾರ 1795ರಲ್ಲಿ ತೆರಿಗೆ ಹಾಕಿದ ಮೇಲೆ ಆ ಪದ್ಧತಿ ಬೇಗನೆ ಕುಗ್ಗಿತು, ಪದ ಮಾತ್ರ ‘ದೊಡ್ಡ ಕುಳ’ ಎಂಬ ಹಗುರವಾದ ಅರ್ಥದಲ್ಲಿ ಉಳಿಯಿತು. ‘ಟಾಪ್ ಬ್ರಾಸ್’ ಸೇನೆಯ ಮತ್ತು ದೊಡ್ಡ ಸಂಸ್ಥೆಗಳ ಉನ್ನತಾಧಿಕಾರಿಗಳಿಗೆ ಸಲ್ಲುತ್ತದೆ. ‘ಪವರ್ ಬಿಹೈಂಡ್ ದ ಥ್ರೋನ್’ ಎಂಬುದು ಅಧಿಕೃತವಾಗಿ ಯಾವ ಪದವಿಯೂ ಇಲ್ಲದೆ ತೆರೆಮರೆಯಿಂದ ರಾಜ್ಯ ನಡೆಸುವವರನ್ನು ಸೂಚಿಸುವುದರಿಂದ, ಅದನ್ನು ಬಳಸಿದರೆ ನೀವು ಆರೋಪವನ್ನೇ ಹೊರಿಸಿದಂತಾಗುತ್ತದೆ.

ಪತ್ರಿಕೆಯ ಪತ್ರದಲ್ಲಿ ‘ದ ಪವರ್ಸ್ ದಟ್ ಬಿ’ ಇದ್ದರೆ ನನ್ನ ಆಕ್ಷೇಪವಿಲ್ಲ, ಏಕೆಂದರೆ ಅಲ್ಲಿ ಓದುವವರು ಸಾರ್ವಜನಿಕರು. ಆದರೆ ಅದನ್ನು ಕೋರಿಕೆಯ ವಾಕ್ಯದಲ್ಲಿ ಇಡದೆ, ಪರಿಸ್ಥಿತಿಯನ್ನು ವಿವರಿಸುವ ವಾಕ್ಯದಲ್ಲಿ ಇಡಿ: ಪ್ರತಿ ಮಳೆಗಾಲಕ್ಕೂ ಮೊದಲೇ ಹೂಳೆತ್ತಬೇಕೆಂಬುದು ‘ದ ಪವರ್ಸ್ ದಟ್ ಬಿ’ಗೆ ತಿಳಿದೇ ಇದೆ ಎಂಬಂತೆ. ಕನ್ನಡದ ಪತ್ರಕ್ಕಾದರೆ ಅದೇ ಸ್ಥಾನದಲ್ಲಿ ‘ಆಡಳಿತ ನಡೆಸುವವರು’ ಎಂದರೆ ಸಾಕು. ‘ಅಧಿಕಾರಾರೂಢರು’ ಎಂದರೆ ರಾಜಕೀಯ ಪಕ್ಷದತ್ತ ಬೆರಳು ತೋರಿಸಿದಂತಾಗುತ್ತದೆ. ಮನವಿಯ ಪ್ರತಿಯನ್ನು ಕೊಟ್ಟಾಗ ಸ್ವೀಕೃತಿಯ ಮೊಹರು ಮತ್ತು ದಿನಾಂಕವನ್ನು ಹಾಕಿಸಿಕೊಂಡು, ಪತ್ರಿಕೆಗೆ ಬರೆಯುವಾಗ ಆ ದಿನಾಂಕವನ್ನೂ ಸೇರಿಸಿರಿ.