4,500 ಎಲೆಕ್ಟ್ರಿಕ್ ಬಸ್ ಬಂದರೆ ಬೆಂಗಳೂರಿನವರು ಸ್ಕೂಟರ್ ಬಿಡುತ್ತಾರಾ?

ಕಿಟಕಿ ಸೀಟು: ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ 2025ರಲ್ಲಿ ಬೆಂಗಳೂರಿಗೆ 4,500 ಎಲೆಕ್ಟ್ರಿಕ್ ಬಸ್ ಹಂಚಿಕೆಯಾಗಿದೆ. ನನಗೆ ನಿಜಕ್ಕೂ ಖುಷಿ. ಆದರೆ ಹಳೇ ಡೀಸೆಲ್ ಬಸ್ ತೆಗೆದು ಅದರ ಜಾಗದಲ್ಲಿ ಕರೆಂಟ್ ಬಸ್ ಬಿಟ್ಟರೆ ಸಾಕಾ? ಸಿಗ್ನಲ್‌ನಲ್ಲಿ ಆ ಬಸ್ಸಿನ ಸುತ್ತ ನಿಂತಿರುವ ಸ್ಕೂಟರ್, ಕಾರುಗಳ ಹೊಗೆ ಹಾಗೇ ಇರುತ್ತದಲ್ವಾ? ಆ ಜನ ಬಸ್ ಹತ್ತಬೇಕು ಅಂದರೆ ಬಸ್ ಬೇಗ ಹೋಗಬೇಕು. 2019ರಲ್ಲಿ ಹೊರ ರಿಂಗ್ ರೋಡ್‌ನಲ್ಲಿ ಸಿಲ್ಕ್ ಬೋರ್ಡ್‌ನಿಂದ ಟಿನ್ ಫ್ಯಾಕ್ಟರಿವರೆಗೆ ಬಸ್ಸಿಗೆ ಅಂತಲೇ ಕಂಬ ನೆಟ್ಟು ಲೇನ್ ಮಾಡಿದ್ದರು. ಆಮೇಲೆ ಮೆಟ್ರೋ ಕೆಲಸ ಶುರುವಾಗಿ ಅದೂ ಹೋಯಿತು. ಮೊದಲು ಆ ಲೇನ್ ವಾಪಸ್ ಬರಬೇಕು.

ಯಲಹಂಕ ಪ್ಯಾಸೆಂಜರ್: ಒಪ್ಪಲ್ಲ ಸರ್. ರಿಂಗ್ ರೋಡ್ ಬಿಟ್ಟರೆ ಲೇನ್ ಮಾಡಲು ಅಗಲವಾದ ರಸ್ತೆ ಎಷ್ಟಿದೆ? ಮೊದಲು ಬಸ್ ಬರಲಿ. 2014ರಲ್ಲಿ ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ ಒಂದೇ ಒಂದು ಎಲೆಕ್ಟ್ರಿಕ್ ಬಸ್ ಪ್ರಯೋಗಕ್ಕೆ ಓಡಿತ್ತು. ಅಲ್ಲಿಂದ ಮುಂದಿನ ಹೆಜ್ಜೆಗೆ ಏಳು ವರ್ಷ ಬೇಕಾಯಿತು. 2021ರ ಕೊನೆಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಚಿಕ್ಕ ಬಸ್‌ಗಳು ಬಂದವು, ಆಮೇಲೆ ಎಲೆಕ್ಟ್ರಿಕ್ ವಾಹನಗಳಿಗೆ ಕೇಂದ್ರ ಸಬ್ಸಿಡಿ ಕೊಡುತ್ತಿದ್ದ ಫೇಮ್-2 ಯೋಜನೆಯ 300, 2023ರ ಡಿಸೆಂಬರ್‌ನಿಂದ ಟಾಟಾದ 921 ಬಸ್‌ಗಳು. ಎಲ್ಲವೂ ಸರಿಹೋಗಲಿ ಅಂತ ಕಾದಿದ್ದರೆ ಇವತ್ತಿಗೂ ಒಂದು ಬಸ್ ಇರುತ್ತಿರಲಿಲ್ಲ.

ಬಯಲುಸೀಮೆಯವ: ಕರೆಂಟ್ ಎಲ್ಲಿಂದ ಬರುತ್ತದೆ ಅಂತ ಯಾರೂ ಕೇಳುತ್ತಿಲ್ಲ. ನಮ್ಮೂರ ಹತ್ತಿರ ಕಲ್ಲಿದ್ದಲು ಸುಡುವ ಸ್ಥಾವರ ಇದೆ. ಅಮ್ಮ ಮಾಳಿಗೆ ಮೇಲೆ ಸಂಡಿಗೆ ಹಾಕುವುದನ್ನೇ ಬಿಟ್ಟಿದ್ದಾಳೆ. ಸಂಜೆ ತೆಗೆಯಲು ಹೋದರೆ ಬಟ್ಟೆ ಮೇಲೆಲ್ಲ ಬೂದಿ. ನಿಮ್ಮೂರಿನ ಹೊಗೆ ನಮ್ಮೂರಿಗೆ ಬಂದರೆ ಅದು ಹಸಿರು ಹೇಗಾಗುತ್ತದೆ?

ಯಲಹಂಕ ಪ್ಯಾಸೆಂಜರ್: ಆದರೆ ನಮ್ಮ ರಾಜ್ಯದಲ್ಲಿ ಬಿಸಿಲು, ಗಾಳಿಯ ಕರೆಂಟ್ ಜಾಸ್ತಿ ಇದೆ. ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವ್ಯಾಟ್.

ಬಯಲುಸೀಮೆಯವ: ಪಾವಗಡದಲ್ಲಿ ರಾತ್ರಿ ಬಿಸಿಲಿರುತ್ತದಾ ಅಣ್ಣ? ಬಸ್‌ಗಳು ಡಿಪೋಗೆ ಬಂದು ಚಾರ್ಜಿಗೆ ನಿಲ್ಲುವುದು ಹೆಚ್ಚಾಗಿ ರಾತ್ರಿಯೇ.

ಸ್ಟೇರಿಂಗ್ ಕೈಲಿ: ಇದಕ್ಕೆ ನಾನು ಉತ್ತರ ಹೇಳಬಹುದು. ಗುತ್ತಿಗೆ ಕಂಪನಿಯೊಂದರಲ್ಲಿ ಇ-ಬಸ್ ಓಡಿಸುತ್ತೇನೆ. ಬಸ್ ಮತ್ತು ಡ್ರೈವರ್ ಕಂಪನಿಯವರು, ಕಂಡಕ್ಟರ್ ಬಿಎಂಟಿಸಿಯವರು, ಕಂಪನಿಗೆ ದುಡ್ಡು ಕಿಲೋಮೀಟರ್ ಲೆಕ್ಕದಲ್ಲಿ. ಮಧ್ಯಾಹ್ನ ಜನ ಕಡಿಮೆ ಇರುವಾಗ ಚಾರ್ಜಿಗೆ ಹಾಕಿದರೆ ಬಿಸಿಲಿನ ಕರೆಂಟೇ ಸಿಗುತ್ತದೆ. ಆದರೆ ಬೆಳಗಿನ ಟ್ರಿಪ್ಪೇ ಜಾಮ್‌ನಲ್ಲಿ ಒಂದು ಗಂಟೆ ತಡವಾದರೆ ಆ ಹೊತ್ತು ಎಲ್ಲಿ ಉಳಿಯುತ್ತದೆ? ಮೊದಲು ನಮ್ಮ ಊಟ ಹೋಗುತ್ತದೆ, ಆಮೇಲೆ ಚಾರ್ಜಿಂಗ್ ಹೋಗುತ್ತದೆ. ನಿನ್ನೆ ಡಬ್ಬಿ ತೆಗೆದಿದ್ದು ಸಂಜೆ ನಾಲ್ಕೂವರೆಗೆ. ಅನ್ನ ಹಳಸಿತ್ತು. ಹಸಿದ ಡ್ರೈವರ್ ಆರಾಮಾಗಿ ಓಡಿಸುತ್ತಾನಾ ಹೇಳಿ. ಲೇನ್ ಕೇಳುವುದು ತಪ್ಪಲ್ಲ ಸರ್.

ಮಲ್ಲೇಶ್ವರದ ಅಜ್ಜಿ: ಊಟ ಬಿಡಬೇಡಪ್ಪ. ನನಗೆ 71. ಮಂಡಿ ನೋವು. ಹಳೇ ಬಸ್ಸಿನ ಮೆಟ್ಟಿಲು ಹತ್ತಲು ಕಂಬಿ ಹಿಡಿದು, ಹಿಂದಿನವರು ಸ್ವಲ್ಪ ತಳ್ಳಬೇಕಿತ್ತು. ಈಗಿನ 12 ಮೀಟರ್ ಬಸ್ಸಿನ ನೆಲ ತಗ್ಗು, ಫುಟ್‌ಪಾತಿನಿಂದ ಒಂದೇ ಹೆಜ್ಜೆ. ಎಸಿ ಇಲ್ಲದ್ದರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ಟೂ ಉಚಿತ. ವಾರಕ್ಕೆ ಎರಡು ಸಲ ತಂಗಿ ಮನೆಗೆ ಹೋಗುತ್ತೇನೆ, ಆಟೋ ಬಿಟ್ಟೇ ಬಿಟ್ಟೆ. ಆದರೆ ಬಸ್ ಸ್ಟಾಪಿನಿಂದ ದೂರ, ರಸ್ತೆ ಮಧ್ಯದಲ್ಲೇ ನಿಲ್ಲಿಸಿದರೆ ಆ ತಗ್ಗು ನೆಲ ಇದ್ದೂ ಏನು ಬಂತು? ಕೆಳಗಿಳಿದು ಮೇಲೆ ಹತ್ತಬೇಕು.

ಸ್ಟೇರಿಂಗ್ ಕೈಲಿ: ನಿಜ ಅಮ್ಮ. ಸ್ಟಾಪಿನ ಮುಂದೆ ಕಾರು, ಆಟೋ ನಿಂತಿರುತ್ತವೆ. ಒಳಗೆ ತರಲು ಜಾಗವೇ ಇರುವುದಿಲ್ಲ.

ಯಲಹಂಕ ಪ್ಯಾಸೆಂಜರ್: ಊಟದ ವಿಷಯ ಓದಿ ಬೇಜಾರಾಯಿತು. ಸರಿ, ಎಲ್ಲ ರಸ್ತೆಯಲ್ಲೂ ಲೇನ್ ಆಗಲ್ಲ ಅನ್ನುವ ಮಾತು ಬಿಡಲ್ಲ. ಆದರೆ ಸ್ಟಾಪಿನ ಹಿಂದೆ ಮುಂದೆ ಒಂದೊಂದು ಬಸ್ಸಿನಷ್ಟು ಜಾಗ ಯಾರೂ ಗಾಡಿ ನಿಲ್ಲಿಸದ ಹಾಗೆ ಮಾಡಲು ಆಗುತ್ತದೆ. ಅದಕ್ಕೆ ರಸ್ತೆ ಅಗಲ ಮಾಡಬೇಕಿಲ್ಲ.

ಕಿಟಕಿ ಸೀಟು: ಅಲ್ಲಿಂದ ಶುರು ಮಾಡೋಣ ಸರ್. ರಿಂಗ್ ರೋಡ್ ಲೇನ್ ಮಾತ್ರ ನಾನೂ ಬಿಡಲ್ಲ. ಅಜ್ಜಿ, ನೀವು ಇಳಿಯುವ ಸ್ಟಾಪ್ ಯಾವುದು? ಶನಿವಾರ ಬೆಳಿಗ್ಗೆ ಬಂದು ಫೋಟೋ ತೆಗೆಯುತ್ತೇನೆ. ಸಂಚಾರ ಪೊಲೀಸರಿಗೆ ಅರ್ಜಿ ಬರೆಯಲು ಅದು ಬೇಕು.

ಮಲ್ಲೇಶ್ವರದ ಅಜ್ಜಿ: ಒಂಬತ್ತು ಗಂಟೆಗೆ ಬಾ. ಆಗಲೇ ಕಾರುಗಳು ಜಾಸ್ತಿ.