ಅಪ್‌ಡೇಟ್: ಫೋಟೊ 50 ಕೆಬಿಯೊಳಗೆ ಬಂತು, ಮುಖವೂ ಮಸುಕಾಗಲಿಲ್ಲ

ಅರ್ಜಿಯ ಫೋಟೊವನ್ನು 50 ಕೆಬಿಗೆ ಇಳಿಸಿದರೆ ಮುಖವೇ ಮಸುಕಾಗುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆ. ಕೆಲಸ ಆಯ್ತು, ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ನೀವು ಹೇಳಿದ ಹಾಗೆ ಮೊದಲು ಫೋನಿನಲ್ಲೇ ಕ್ರಾಪ್ (ಬೇಡದ ಅಂಚು ಕತ್ತರಿಸೋದು), ಆಮೇಲೆ ರೀಸೈಜ್ (ಉದ್ದ ಅಗಲದ ಪಿಕ್ಸೆಲ್ ಕಡಿಮೆ ಮಾಡೋದು), ಕೊನೆಗಷ್ಟೇ ಕಂಪ್ರೆಸ್ (ಕ್ವಾಲಿಟಿ ಇಳಿಸಿ ಫೈಲ್ ಕುಗ್ಗಿಸೋದು) ಮಾಡಿದೆ. ನನ್ನ ಮೂಲ ಫೋಟೊ 3000×4000 ಪಿಕ್ಸೆಲ್, ಅಂದರೆ 1.2 ಕೋಟಿ ಚುಕ್ಕಿ! ಅಷ್ಟನ್ನೂ ಇಟ್ಟುಕೊಂಡು ಬರೀ ಕ್ವಾಲಿಟಿ ಇಳಿಸಿದರೆ ಚಿತ್ರ ಚೌಕ ಚೌಕವಾಗದೆ ಇನ್ನೇನಾಗುತ್ತೆ? 450×600ಕ್ಕೆ ತಂದ ಮೇಲೆ ಜೆಪೆಗ್ ಕ್ವಾಲಿಟಿ 75ರಲ್ಲೇ ಮಿತಿಯೊಳಗೆ ಬಂತು.

ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಅನ್ನೋ ಸಂಖ್ಯೆ) ಬದಲಿಸಿ ಅಂದವರಿಗೆ: ಬದಲಿಸಿ ನೋಡಿದೆ, ಫೈಲ್ ಸೈಜ್ ಅಲ್ಲಾಡಲಿಲ್ಲ. ಅದು ಪ್ರಿಂಟಿನ ಲೆಕ್ಕ ಅಷ್ಟೆ.

ರೀಸೈಜ್, ಕಂಪ್ರೆಸ್‌ಗೆ ಬಳಸಿದ್ದು ಸ್ಕ್ವೂಶ್ (Squoosh) ಅನ್ನೋ ವೆಬ್‌ಸೈಟ್. ಎಲ್ಲ ಬ್ರೌಸರಿನೊಳಗೇ ನಡೆಯುತ್ತೆ, ಫೋಟೊ ಯಾರ ಸರ್ವರಿಗೂ ಹೋಗಲ್ಲ. ನನಗೆ ಅದೇ ಮುಖ್ಯವಾಗಿತ್ತು. ಸಹಿಯ ಸ್ಕ್ಯಾನ್ ಇನ್ನೂ ಬಾಕಿ ಇದೆ.