‘ಗ್ರೀನ್ ರೂಮ್’ಗೆ ‘ಚೌಕಿ’ ಎನ್ನಬಹುದೇ?

ಮಾನ್ಯರೇ,

ಗೋವೆಯ ವಸ್ತ್ರವಿನ್ಯಾಸಕ ವೆಂಡೆಲ್ ರಾಡ್ರಿಕ್ಸ್ ಅವರ ಆತ್ಮಕಥನವನ್ನು ಕಾಸರಗೋಡಿನ ನಮ್ಮ ಓದುಗರ ಬಳಗಕ್ಕೆ ಕನ್ನಡದಲ್ಲಿ ಪರಿಚಯಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. 2012ರಲ್ಲಿ ಪ್ರಕಟವಾದ ಆ ಪುಸ್ತಕದ ಹೆಸರು ‘ದಿ ಗ್ರೀನ್ ರೂಮ್’, ಅಂದರೆ ರಂಗದ ಹಿಂದೆ ಬಣ್ಣ ಹಚ್ಚಿ ಉಡುಪು ತೊಡುವ ಕೋಣೆ. ಒಳಗಿನ ವಿಷಯವನ್ನು ಕನ್ನಡದಲ್ಲಿ ಹೇಳುವುದು ಅಷ್ಟೇನೂ ಕಷ್ಟವಾಗಲಿಲ್ಲ. ಶೀರ್ಷಿಕೆಯ ಹತ್ತಿರವೇ ಲೇಖನಿ ನಿಂತುಬಿಟ್ಟಿದೆ. ‘ಹಸಿರು ಕೋಣೆ’ ಎಂದರೆ ಯಾವ ಅರ್ಥವೂ ಹೊರಡದು. ಶಾಲಾ ವಾರ್ಷಿಕೋತ್ಸವದವರೂ ಹವ್ಯಾಸಿ ನಾಟಕದವರೂ ಹೇಳುವಂತೆ ‘ಗ್ರೀನ್ ರೂಮ್’ ಎಂದೇ ಇಟ್ಟುಕೊಳ್ಳಬಹುದು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಯಕ್ಷಗಾನ ಆಟದ ಋತುವಿನಲ್ಲಿ ನಮ್ಮ ಕಡೆ ದಿನವೂ ಕಿವಿಗೆ ಬೀಳುವ, ಕಲಾವಿದರು ವೇಷ ಕಟ್ಟುವ ಜಾಗವನ್ನು ಹೇಳುವ ‘ಚೌಕಿ’ ಎಂಬ ಪದ ಇಷ್ಟು ಹತ್ತಿರದಲ್ಲಿರುವಾಗ, ಅದು ಇಲ್ಲಿ ಸಲ್ಲುತ್ತದೆಯೇ ಎಂದು ತಮ್ಮೆಲ್ಲರಲ್ಲಿ ಕೇಳಬೇಕೆನಿಸಿತು.

ಪುಸ್ತಕದ ಬಗ್ಗೆ ಎರಡು ಮಾತು ಹೇಳದಿದ್ದರೆ ಪ್ರಶ್ನೆ ಸ್ಪಷ್ಟವಾಗದು. ರಾಡ್ರಿಕ್ಸ್ 1960ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಹೋಟೆಲ್ ಉದ್ಯಮದ ಶಿಕ್ಷಣ ಪಡೆದು, ಒಮಾನಿನಲ್ಲಿ ಉದ್ಯೋಗ ಮಾಡಿ, ಆಮೇಲೆ ಲಾಸ್ ಏಂಜಲೀಸ್ ಮತ್ತು ಪ್ಯಾರಿಸ್‌ಗಳಲ್ಲಿ ವಿನ್ಯಾಸ ಕಲಿತು, ಗೋವೆಯ ಕೋಲ್ವಾಳದಲ್ಲಿ ನೆಲೆಸಿದವರು. 2014ರಲ್ಲಿ ಅವರಿಗೆ ಪದ್ಮಶ್ರೀ ಬಂತು; 2020ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಮನೆಗೊಬ್ಬರಾದರೂ ಗಲ್ಫಿಗೆ ಹೋಗಿ ಬಂದವರಿರುವ ಕಾಸರಗೋಡಿನ ಓದುಗರಿಗೆ, ಒಮಾನಿನ ದುಡಿಮೆಯ ನಂತರ ತನಗೆ ಬೇಕಾದ ವಿದ್ಯೆಯನ್ನು ಅರಸಿ ಹೋದ ಈ ಮನುಷ್ಯ ಪರಕೀಯನೆನಿಸುವುದಿಲ್ಲ. ಗೋವೆಯ ಕುಣಬಿ ಸಮುದಾಯದ ಸೀರೆಗೆ ಮರುಹುಟ್ಟು ಕೊಡಲು ಅವರು ಪಟ್ಟ ಪಾಡು ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿತು. ಕೆಂಪು ಚೌಕುಳಿಯ ಹತ್ತಿಯ ಆ ಸೀರೆಯನ್ನು ಹೊಲದಲ್ಲಿ ದುಡಿಯುವ ಹೆಂಗಸರು ಮೊಣಕಾಲಿನವರೆಗೆ ಬರುವಂತೆ ಉಟ್ಟು, ಸೆರಗನ್ನು ಭುಜದ ಮೇಲೆ ಗಂಟು ಹಾಕಿಕೊಳ್ಳುತ್ತಿದ್ದರು. ಮಗ್ಗದಿಂದ ಮರೆಯಾಗುತ್ತಿದ್ದ ಅದನ್ನು ರಾಡ್ರಿಕ್ಸ್ ಮತ್ತೆ ನೇಯಿಸಿ ದೆಹಲಿಯ ಫ್ಯಾಷನ್ ಪ್ರದರ್ಶನದವರೆಗೆ ಕೊಂಡೊಯ್ದರು. ಕಾಸರಗೋಡು ಸೀರೆಯ ಮಗ್ಗಗಳು ಒಂದೊಂದಾಗಿ ನಿಲ್ಲುವುದನ್ನು ನೋಡುತ್ತಿರುವ ನಮಗೆ ಈ ಭಾಗವನ್ನು ಓದುವಾಗ ಸಂತೋಷವೂ ಸಂಕಟವೂ ಒಟ್ಟಿಗೇ ಆಗುತ್ತವೆ.

ಇನ್ನು ಪದದ ವಿಚಾರ. ಗ್ರಾಂಥಿಕ ಕನ್ನಡದಲ್ಲಿ ಮೊದಲು ನೆನಪಾಗುವುದು ‘ನೇಪಥ್ಯ’. ಸಂಸ್ಕೃತದಲ್ಲಿ ಈ ಪದಕ್ಕೆ ವೇಷಭೂಷಣ, ಅಲಂಕಾರ ಎಂಬ ಅರ್ಥವೂ ಇದೆ, ರಂಗದ ಹಿಂದಿನ ಸ್ಥಳ ಎಂಬ ಅರ್ಥವೂ ಇದೆ. ಹಾಗೆ ನೋಡಿದರೆ ಉಡುಪನ್ನೇ ಬದುಕಾಗಿಸಿಕೊಂಡವನ ಕಥನಕ್ಕೆ ಇದಕ್ಕಿಂತ ಒಳ್ಳೆಯ ಪದ ಸಿಗಲಾರದು. ತೊಡಕಿರುವುದು ಇಂದಿನ ಬಳಕೆಯಲ್ಲಿ. ಪತ್ರಿಕೆಗಳಲ್ಲಿ ಯಾರಾದರೂ ‘ನೇಪಥ್ಯಕ್ಕೆ ಸರಿದರು’ ಎಂದರೆ ಅವರ ಕಾಲ ಮುಗಿಯಿತು, ಜನ ಅವರನ್ನು ಮರೆತರು ಎಂದೇ ಅರ್ಥ. ಯಶಸ್ಸಿನ ಕಥೆಗೆ ಆ ಹೆಸರಿಟ್ಟರೆ ಓದುಗರು ಮೊದಲ ಪುಟಕ್ಕೂ ಮುನ್ನವೇ ಸೋಲಿನ ಕಥೆಯನ್ನು ನಿರೀಕ್ಷಿಸಿಯಾರು. ‘ಪ್ರಸಾಧನ ಕೊಠಡಿ’ ಎಂಬುದು ಬಾಗಿಲಿಗೆ ಅಂಟಿಸುವ ಫಲಕಕ್ಕೆ ಸಾಕು, ಪುಸ್ತಕದ ಹೆಸರಿಗೆ ಜೀವ ಸಾಲದು.

ಗಡಿನಾಡಿನವರಾದ ನಮಗೆ ಇನ್ನೊಂದು ಪದವೂ ಕಿವಿಗೆ ಬೀಳುತ್ತಿರುತ್ತದೆ: ಮಲಯಾಳದ ‘ಅಣಿಯರ’. ಉತ್ತರ ಕೇರಳದ ದೈವಾರಾಧನೆಯಾದ ತೆಯ್ಯಂ ಕಟ್ಟುವವರೂ ಕಥಕಳಿಯವರೂ ವೇಷ ಕಟ್ಟುವ ಜಾಗಕ್ಕೆ ಬಳಸುವ ಪದವಿದು. ತೆಯ್ಯಂನ ಉಡುಗೆ ತೊಡುಗೆಗಳಿಗೆ ‘ಅಣಿಯಲಂ’ ಎನ್ನುತ್ತಾರೆ. ‘ಅಣಿ’ ನಮಗೂ ಹೊಸದಲ್ಲ. ಅಣಿಯಾಗು, ಅಣಿಗೊಳಿಸು ಎಂದು ದಿನವೂ ಹೇಳುತ್ತೇವೆ; ಭೂತಕೋಲದಲ್ಲಿ ದೈವದ ಬೆನ್ನಿಗೆ ಕಟ್ಟುವ, ತೆಂಗಿನ ಸಿರಿಯಿಂದ (ಎಳೆಗರಿಯಿಂದ) ಸಿಂಗರಿಸಿದ ಎತ್ತರದ ಚೌಕಟ್ಟಿಗೂ ‘ಅಣಿ’ ಎಂದೇ ಹೆಸರು. ಸಿದ್ಧತೆ ಮತ್ತು ಸಿಂಗಾರ ಎರಡೂ ಒಂದೇ ಮಾತಿನಲ್ಲಿ ಕೂಡಿರುವುದು ನನಗೆ ಬಹಳ ಇಷ್ಟ. ಆದರೆ ಚಂದ್ರಗಿರಿ ಹೊಳೆಯ ಆಚೆಗೂ ಈಚೆಗೂ ಓಡಾಡುವವರಿಗೆ ತಿಳಿಯುವ ‘ಅಣಿಯರ’ ಧಾರವಾಡದ ಓದುಗರಿಗೆ ತಿಳಿಯಲಾರದು.

ಹಾಗಾಗಿ ಮನಸ್ಸು ಚೌಕಿಯತ್ತ ವಾಲುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯ ಸೀಮೆಯಲ್ಲಿ ಈ ಪದಕ್ಕೆ ವಿವರಣೆ ಬೇಕಿಲ್ಲ. ಆದರೂ ದೂರದ ಓದುಗರಿಗಾಗಿ ಹೇಳುತ್ತೇನೆ. ಚೌಕಿ ಎಂಬುದು ಕಟ್ಟಿಟ್ಟ ಕೋಣೆಯಲ್ಲ. ಮೇಳ ಎಲ್ಲಿ ಬಿಡಾರ ಹೂಡುತ್ತದೋ ಅಲ್ಲಿ, ಶಾಲೆಯ ಜಗಲಿಯಲ್ಲೋ ಗದ್ದೆಯಲ್ಲಿ ಹಾಕಿದ ಚಪ್ಪರದಲ್ಲೋ, ಆ ರಾತ್ರಿಯ ಮಟ್ಟಿಗೆ ಚೌಕಿ ಏಳುತ್ತದೆ. ಒಂದು ತುದಿಯಲ್ಲಿ ಮೇಳದ ದೇವರು, ಅಲ್ಲಿ ಚೌಕಿ ಪೂಜೆ. ಅಲ್ಲಿಂದ ಎರಡು ಸಾಲಾಗಿ ಕಲಾವಿದರು ತಮ್ಮ ತಮ್ಮ ಪೆಟ್ಟಿಗೆಗಳ ಮುಂದೆ, ಅವರವರ ವೇಷಕ್ಕೆ ಸಲ್ಲುವ ಜಾಗದಲ್ಲಿ ನೆಲದ ಮೇಲೆ ಕುಳಿತಿರುತ್ತಾರೆ. ರಾಕ್ಷಸ ಪಾತ್ರದ, ಅಂದರೆ ಬಣ್ಣದ ವೇಷಧಾರಿ ಒಂದು ಕೈಯಲ್ಲಿ ಕನ್ನಡಿ ಹಿಡಿದು, ಇನ್ನೊಂದು ಕೈಯಲ್ಲಿ ಕಡ್ಡಿಯಿಂದ ಅಕ್ಕಿ ಹಿಟ್ಟಿನ ಚುಟ್ಟಿಯನ್ನು ಕೆನ್ನೆಯ ಮೇಲೆ ಮುಳ್ಳುಮುಳ್ಳಾಗಿ ಏಳುವಂತೆ ಇಡುತ್ತಾ ಹೋಗುವುದನ್ನು ನೋಡಿದವರಿಗೆ ಅದರ ತಾಳ್ಮೆ ಗೊತ್ತು. ಕಥಕಳಿಯಲ್ಲಿ ಕಲಾವಿದ ಮಲಗಿರುತ್ತಾನೆ, ಚುಟ್ಟಿಯನ್ನು ಬೇರೆಯವರು ಇಡುತ್ತಾರೆ. ನಮ್ಮಲ್ಲಿ ತನ್ನ ಮುಖಕ್ಕೆ ತಾನೇ ಬಣ್ಣಗಾರ. ಉಡುಪನ್ನು ಬಿಗಿಯುವುದಕ್ಕೆ ಮಾತ್ರ ಇನ್ನೊಬ್ಬರ ಕೈ ಬೇಕೇ ಬೇಕು. ಆದ್ದರಿಂದಲೇ ‘ವೇಷ ಹಾಕು’ ಎನ್ನುವುದಕ್ಕಿಂತ ‘ವೇಷ ಕಟ್ಟು’ ಎಂಬ ಮಾತೇ ಚೌಕಿಗೆ ಹೆಚ್ಚು ಒಪ್ಪುತ್ತದೆ.

ಫ್ಯಾಷನ್ ಪ್ರದರ್ಶನದ ಹಿಂಭಾಗದಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. ಹೋಟೆಲಿನ ಯಾವುದೋ ಸಭಾಂಗಣ ಆ ಒಂದು ದಿನಕ್ಕೆ ಗ್ರೀನ್ ರೂಮ್ ಆಗುತ್ತದೆ. ರೂಪದರ್ಶಿಯರು ಹೆಜ್ಜೆ ಹಾಕುವ ಕ್ರಮದಲ್ಲಿ ಉಡುಪುಗಳನ್ನು ಸಾಲಾಗಿ ತೂಗುಹಾಕಿರುತ್ತಾರೆ, ಒಬ್ಬೊಬ್ಬರಿಗೂ ಉಡಿಸುವವರು ಗೊತ್ತಾಗಿರುತ್ತಾರೆ, ಸಡಿಲವಾದ ಕಡೆ ಪಿನ್ನು ಚುಚ್ಚಿ ಮೈಮೇಲೆಯೇ ಬಟ್ಟೆಯನ್ನು ಸರಿಪಡಿಸುತ್ತಾರೆ. ಎರಡು ಕಡೆಯೂ ಆ ಹೆಸರು ನಾಲ್ಕು ಗೋಡೆಗಳಿಗಿಂತ ಹೆಚ್ಚಾಗಿ ಅಲ್ಲಿ ನಡೆಯುವ ಕೆಲಸಕ್ಕೆ ಸಲ್ಲುತ್ತದೆ ಎಂಬುದೇ ನನ್ನ ವಾದದ ಆಧಾರ.

ಆಕ್ಷೇಪಗಳೂ ಇವೆ. ಚೌಕಿ ಎಂದರೆ ಕಾವಲುಠಾಣೆ ಎಂಬ ಅರ್ಥ ಹಲವರ ಮನಸ್ಸಿಗೆ ಮೊದಲು ಬರುತ್ತದೆ. ಕಾಸರಗೋಡಿನವರಿಗಂತೂ ಮೊಗ್ರಾಲ್ ಪುತ್ತೂರಿನ ಹತ್ತಿರ ಹೆದ್ದಾರಿಯ ಮೇಲೆ ಚೌಕಿ ಎಂಬ ಊರೇ ಇದೆ. ಪುಸ್ತಕದ ಹೆಸರು ಹೇಳಿದರೆ ‘ಬಸ್ಸಿನಲ್ಲಿ ಹೋಗಿದ್ದಿರೋ’ ಎಂದು ಕೇಳುವವರು ಇರಬಹುದು. ಇದನ್ನು ಸಂದರ್ಭ ಸರಿಮಾಡುತ್ತದೆ. ಇದಕ್ಕಿಂತ ಆಳದ ಆಕ್ಷೇಪ ಬೇರೆ ಇದೆ. ಯಕ್ಷಗಾನದ ಚೌಕಿ ಪದರದ ಮೇಲೆ ಪದರ ಕೂಡಿಸುವ ಜಾಗ: ದಗಲೆ, ಎದೆಹಾರ, ಭುಜಕೀರ್ತಿ, ಕಿರೀಟ. ರಾಡ್ರಿಕ್ಸ್ ಹೆಸರಾದದ್ದು ಬೇಡದ್ದನ್ನು ತೆಗೆದುಹಾಕಿದ್ದಕ್ಕೆ. ಬಿಳಿಯ, ಹಗುರವಾದ, ಜರಿಯ ಹೊರೆಯಿಲ್ಲದ, ಗೋವೆಯ ಸೆಕೆಗೆ ಒಗ್ಗುವ ಉಡುಪುಗಳನ್ನು ರೂಪಿಸಿದ್ದಕ್ಕೆ. ಚೌಕಿ ಎಂದೊಡನೆ ‘ವೇಷ’ವೂ ಜೊತೆಗೇ ಬರುತ್ತದೆ, ವೇಷ ಎಂದರೆ ಕನ್ನಡದಲ್ಲಿ ಮರೆಮಾಚುವ ಅರ್ಥವೂ ಉಂಟು. ಆದರೆ ಬೆಳಗಾಗುವಾಗ ಅದೇ ಚೌಕಿಯಲ್ಲಿ ಕುಳಿತು, ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯುತ್ತಾರೆ, ಕಟ್ಟಿದ್ದನ್ನೆಲ್ಲ ಕಳಚಿ ಪೆಟ್ಟಿಗೆಗೆ ಸೇರಿಸುತ್ತಾರೆ. ಕಟ್ಟುವುದಕ್ಕೂ ಕಳಚುವುದಕ್ಕೂ ಒಂದೇ ಜಾಗವಾದುದರಿಂದ ಈ ಆಕ್ಷೇಪದ ಭಾರ ನನ್ನ ಮಟ್ಟಿಗೆ ಕಡಿಮೆಯಾಯಿತು.

ಇನ್ನೊಂದು ವ್ಯತ್ಯಾಸವನ್ನೂ ಹೇಳಬೇಕು. ಗ್ರೀನ್ ರೂಮ್ ಹೊರಗಿನವರಿಗೆ ಮುಚ್ಚಿದ ಜಾಗ. ಪುಸ್ತಕದ ಶೀರ್ಷಿಕೆಯ ಸೆಳೆತ ಇರುವುದು ಆ ಮುಚ್ಚಿದ ಬಾಗಿಲನ್ನು ಓದುಗನಿಗೆ ತೆರೆಯುತ್ತೇನೆ ಎಂಬಲ್ಲಿ. ಚೌಕಿಗೆ ಅಂಥ ಗುಟ್ಟಿಲ್ಲ. ಚಪ್ಪಲಿ ಕಳಚಿಟ್ಟು, ದೇವರಿಗೆ ಕೈಮುಗಿದು, ಯಾರಿಗೂ ಅಡ್ಡಿಯಾಗದಂತೆ ನಿಂತು ನೋಡುವ ಮಕ್ಕಳನ್ನು ಯಾರೂ ಅಟ್ಟುವುದಿಲ್ಲ. ‘ಚೌಕಿ’ ಎಂದಾಗ ಆ ಕುತೂಹಲ ಸ್ವಲ್ಪ ಕುಗ್ಗುತ್ತದೆ, ನಿಜ. ಆದರೆ ಬಾಲ್ಯದಿಂದ ಮೊದಲ್ಗೊಂಡು ತನ್ನ ಬದುಕನ್ನು ಬಿಚ್ಚುಮನಸ್ಸಿನಿಂದ ಬರೆದ ಲೇಖಕನಿಗೆ ಬೀಗ ಹಾಕಿದ ಕೋಣೆಗಿಂತ ಈ ತೆರೆದ ಚಪ್ಪರವೇ ಹೆಚ್ಚು ಒಪ್ಪುತ್ತದೆ ಎಂದು ನನಗೆ ತೋರುತ್ತದೆ.

ಆದ್ದರಿಂದ ತಮ್ಮಲ್ಲಿ ವಿನಂತಿ. ಯಕ್ಷಗಾನದ ಪರಿಚಯ ಹೆಚ್ಚಿಲ್ಲದ ಕಡೆಯ ಓದುಗರಿಗೆ, ಶೀರ್ಷಿಕೆಯಲ್ಲಿ ‘ಚೌಕಿ’ ಎಂದಷ್ಟೇ ಇದ್ದರೆ ಏನು ಹೊಳೆಯುತ್ತದೆ? ಮೂಡಲಪಾಯದವರು, ದೊಡ್ಡಾಟ ಸಣ್ಣಾಟದವರು, ಸೊಲ್ಲಾಪುರ ಅಕ್ಕಲಕೋಟೆಯ ಕಡೆ ಶ್ರೀಕೃಷ್ಣ ಪಾರಿಜಾತದ ಆಟ ಆಡಿಸುವವರು ಬಣ್ಣ ಹಚ್ಚುವ ಜಾಗಕ್ಕೆ ಏನೆನ್ನುತ್ತಾರೆ? ಕಂಪನಿ ನಾಟಕಗಳಲ್ಲಿ ‘ಗ್ರೀನ್ ರೂಮ್’ ನೆಲೆಗೊಳ್ಳುವ ಮೊದಲು ಬೇರೆ ಕನ್ನಡದ ಹೆಸರು ರೂಢಿಯಲ್ಲಿತ್ತೇ? ಬಲ್ಲವರು ತಮ್ಮ ಊರಿನ ಹೆಸರಿನೊಂದಿಗೆ, ಆ ಪದವನ್ನು ಬಳಸುವ ಒಂದು ವಾಕ್ಯವನ್ನೂ ಸೇರಿಸಿ ಬರೆದರೆ ಉಪಕಾರವಾಗುತ್ತದೆ.